ಹಳೇ ವ್ಯಾಗನ್ ಆರ್: ಎರಡು ಸಲ ಪ್ಯಾಡ್ ಹಾಕಿಸಿದರೂ ಬ್ರೇಕ್ ಕಿರುಚುತ್ತಿದೆ

ತೀರ್ಥಹಳ್ಳಿ ಕಡೆಯವ:

ಎಲ್ಲರಿಗೂ ನಮಸ್ಕಾರ. ನಮ್ಮದು 2008ರ ವ್ಯಾಗನ್ ಆರ್, ಪೆಟ್ರೋಲ್. ಅಪ್ಪ ಹೊಸದಾಗಿ ತಗೊಂಡ ಗಾಡಿ, ಆರು ವರ್ಷದಿಂದ ನಾನು ಓಡಿಸುತ್ತಿದ್ದೇನೆ. 1,14,000 ಕಿಲೋಮೀಟರ್ ಆಗಿದೆ. ಇಂಜಿನ್ ಬಗ್ಗೆ ಒಂದು ದೂರೂ ಇಲ್ಲ. ಕಾಟ ಕೊಡುತ್ತಿರೋದು ಬ್ರೇಕ್.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಮುಂದಿನ ಚಕ್ರದ ಕಡೆಯಿಂದ ಕೀಂ ಅಂತ ಸದ್ದು ಶುರುವಾಯಿತು. ಮೊದಮೊದಲು ಬೆಳಗ್ಗೆ ಗಾಡಿ ತೆಗೆದಾಗ ಒಂದೆರಡು ಸಲ ಬಂದು ನಿಲ್ಲುತ್ತಿತ್ತು, ಮಳೆಗೆ ಡಿಸ್ಕ್, ಅಂದರೆ ಚಕ್ರದ ಜೊತೆ ತಿರುಗೋ ಕಬ್ಬಿಣದ ತಟ್ಟೆ, ತುಕ್ಕು ಹಿಡಿದಿರುತ್ತದೆ ಅಂತ ನಾನೂ ತಲೆ ಕೆಡಿಸಿಕೊಳ್ಳಲಿಲ್ಲ. ಆಮೇಲೆ ಪೇಟೆಯಲ್ಲಿ ನಿಧಾನಕ್ಕೆ ಬ್ರೇಕ್ ಒತ್ತಿದಾಗೆಲ್ಲ ಬರತೊಡಗಿತು. ಅಕ್ಟೋಬರಿನಲ್ಲಿ ಇಲ್ಲೇ ಒಂದು ಗ್ಯಾರೇಜಿನಲ್ಲಿ ಮುಂದಿನ ಎರಡೂ ಕಡೆ ಪ್ಯಾಡ್, ಅಂದರೆ ಡಿಸ್ಕನ್ನು ಒತ್ತಿ ಹಿಡಿಯೋ ತುಂಡು, ಬದಲಾಯಿಸಿದರು. ಎರಡು ವಾರ ಆರಾಮ. ಮತ್ತೆ ಅದೇ ಸದ್ದು. ಹೋಗಿ ಕೇಳಿದರೆ ಆ ಪ್ಯಾಡ್ ಸರಿ ಇಲ್ಲ, ಬೇರೆ ಕಂಪನಿದು ಹಾಕೋಣ ಅಂದರು. ಡಿಸೆಂಬರಿನಲ್ಲಿ ಇನ್ನೊಂದು ಸೆಟ್ ಹಾಕಿದರು, ಜಾಸ್ತಿ ದುಡ್ಡಿನದು. ಹತ್ತು ದಿನ ಆಗಿರಬೇಕು, ಮತ್ತೆ ಕೀಂ. ಈಗ ಡಿಸ್ಕೇ ಬದಲಾಯಿಸಬೇಕು ಅನ್ನುತ್ತಿದ್ದಾರೆ.

ತಿಂಗಳಿಗೆ ಎರಡು ಸಲ ಅಮ್ಮನನ್ನು ಕರೆದುಕೊಂಡು ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗಬೇಕು, ಕಣ್ಣಿನ ಚಿಕಿತ್ಸೆ ನಡೆಯುತ್ತಿದೆ. ಆ 14 ತಿರುವಿನಲ್ಲಿ ಒಂದೊಂದಕ್ಕೂ ಗಾಡಿ ಕಿರುಚುತ್ತದೆ, ಅಮ್ಮ ಬಾಗಿಲ ಮೇಲಿನ ಹಿಡಿ ಬಿಡೋದೇ ಇಲ್ಲ. ಬ್ರೇಕ್ ಹಿಡಿಯುತ್ತದೆ, ಅದರಲ್ಲಿ ಅನುಮಾನ ಇಲ್ಲ. ಆದರೂ ಹೀಗೆ ಸದ್ದು ಮಾಡೋ ಬ್ರೇಕ್ ನಂಬಿಕೊಂಡು ಘಾಟಿ ಇಳಿಯೋಕೆ ಧೈರ್ಯ ಬರುತ್ತಿಲ್ಲ. ಡಿಸ್ಕ್ ಹಾಕಿಸಲಾ? ಬೇರೆ ಏನಾದರೂ ನೋಡಬೇಕಾ? ನನಗೆ ಚಕ್ರ ಬಿಚ್ಚೋದು, ಪ್ಲಗ್ ಬದಲಾಯಿಸೋದು, ಇಷ್ಟು ಗೊತ್ತು. ಹೇಗೆ ಅಂತ ಹೇಳಿದರೆ ಉಳಿದದ್ದನ್ನೂ ಮಾಡುತ್ತೇನೆ.

ಆಲ್ಟೊ ಮನೆ:

ನಮ್ಮ ಆಲ್ಟೊಗೂ ಹೀಗೇ ಆಗಿತ್ತು. ಪ್ಯಾಡ್ ಬಿಚ್ಚಿ ಎಮರಿ ಪೇಪರಿನಲ್ಲಿ ಉಜ್ಜಿದೆ. ಮೇಲೆ ಗಾಜಿನ ಹಾಗೆ ಹೊಳೆಯುತ್ತಿರುತ್ತದೆ, ಆ ಹೊಳಪು ಹೋಗಿ ಮಂಕು ಬಣ್ಣ ಬರೋವರೆಗೆ ಉಜ್ಜಬೇಕು. ಅಂಚನ್ನು ಅರದಲ್ಲಿ ಸ್ವಲ್ಪ ಓರೆ ಮಾಡಿದೆ. ಆರು ತಿಂಗಳಾಯಿತು, ಸದ್ದಿಲ್ಲ. ಡಿಸ್ಕಿಗೆ ದುಡ್ಡು ಹಾಕೋ ಮೊದಲು ಇದು ಮಾಡಿ ನೋಡಿ.

ದಾವಣಗೆರೆ ರೈಡ್ಸ್:

ತುಕ್ಕು ಬಿಡಿಸೋ ಸ್ಪ್ರೇ ಇದೆಯಲ್ಲ, ಚಕ್ರದ ಸಂದಿಯಿಂದ ಡಿಸ್ಕಿಗೆ ಸ್ವಲ್ಪ ಹೊಡೀರಿ. ನನ್ನ ಫ್ರೆಂಡ್ ಹೊಡೆದಿದ್ದ, ಸದ್ದು ತಕ್ಷಣ ಹೋಯಿತು.

ಹದಿನಾಲ್ಕರ ಸ್ಪ್ಯಾನರ್:

ಮೊದಲು ಮೇಲಿನ ಮಾತಿಗೆ. ದಯವಿಟ್ಟು ಯಾರೂ ಡಿಸ್ಕಿಗೆ, ಪ್ಯಾಡಿಗೆ ಯಾವ ಸ್ಪ್ರೇನೂ, ಎಣ್ಣೆನೂ, ಗ್ರೀಸೂ ಹಾಕಬೇಡಿ. ಸದ್ದು ಹೋಗುತ್ತದೆ, ಜೊತೆಗೆ ಬ್ರೇಕೂ ಹೋಗುತ್ತದೆ. ಪ್ಯಾಡ್ ಎಣ್ಣೆ ಕುಡಿದುಬಿಟ್ಟರೆ ಉಜ್ಜಿದರೂ ಸರಿಯಾಗುವುದಿಲ್ಲ, ಎಸೆಯಬೇಕು. ಆಗುಂಬೆ ಇಳಿಯೋರಿಗೆ ಇಂಥ ಸಲಹೆ ಕೊಡಬೇಡಿ. ಡಿಸ್ಕಿಗೆ ಹೊಡೆಯಬಹುದಾದ್ದು ಬ್ರೇಕ್ ಕ್ಲೀನರ್ ಒಂದೇ, ಅದು ಒಣಗಿ ಹೋಗುತ್ತದೆ, ಏನೂ ಉಳಿಸುವುದಿಲ್ಲ.

ಈಗ ತೀರ್ಥಹಳ್ಳಿಯವರಿಗೆ. ನಾನು ಹಾಸನದಲ್ಲಿ 22 ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಹೊಸ ಪ್ಯಾಡ್ ಹಾಕಿ ಹತ್ತು ದಿನಕ್ಕೆ ಸದ್ದು ಮರಳಿ ಬಂದರೆ ಪ್ಯಾಡಿನ ತಪ್ಪು ಇರೋದು ಕಡಿಮೆ, ಪ್ಯಾಡನ್ನು ಹಿಡಿದುಕೊಂಡಿರೋ ಸಾಮಾನಿನಲ್ಲೇ ಏನೋ ಇರುತ್ತದೆ. ಎರಡು ಸೆಟ್ ಹಾಕಿದರೂ ಬಂತು ಅಂದರೆ ನನಗೆ ಹೆಚ್ಚು ಕಡಿಮೆ ಖಾತ್ರಿ.

ಈ ಕೀಂ ಸದ್ದು ಹೇಗೆ ಹುಟ್ಟುತ್ತದೆ ಅಂತ ತಿಳಿದರೆ ಅರ್ಧ ಕೆಲಸ ಆದ ಹಾಗೆ. ಶಾಲೆಯಲ್ಲಿ ಕಪ್ಪು ಹಲಗೆ ಮೇಲೆ ಸೀಮೆಸುಣ್ಣ ಕಿರುಚುತ್ತಿತ್ತಲ್ಲ, ಮೇಷ್ಟ್ರು ಅದನ್ನು ಎರಡು ತುಂಡು ಮಾಡಿದರೆ ಅಥವಾ ಹಿಡಿಯೋ ಓರೆ ಬದಲಾಯಿಸಿದರೆ ಸದ್ದು ನಿಲ್ಲುತ್ತಿತ್ತು. ಅದೇ ಸುಣ್ಣ, ಅದೇ ಹಲಗೆ. ಹಿಡಿದ ರೀತಿ ಬೇರೆ. ಬ್ರೇಕಿನಲ್ಲೂ ಪ್ಯಾಡು ಡಿಸ್ಕಿಗೆ ಒಂದು ಕ್ಷಣ ಅಂಟಿ ಒಂದು ಕ್ಷಣ ಜಾರಿ, ಹೀಗೆ ಸೆಕೆಂಡಿಗೆ ಸಾವಿರಾರು ಸಲ ನಡುಗುತ್ತದೆ. ಪ್ಯಾಡ್ ತನ್ನ ಜಾಗದಲ್ಲಿ ಬಿಗಿಯಾಗಿ, ನೇರವಾಗಿ ಕೂತಿದ್ದರೆ ಆ ನಡುಕ ಅಲ್ಲೇ ಸಾಯುತ್ತದೆ. ಸಡಿಲ ಇದ್ದರೆ ಅಥವಾ ಓರೆಯಾಗಿ ಒತ್ತಿದರೆ ಕಿರುಚುತ್ತದೆ. ಆಲ್ಟೊದವರು ಉಜ್ಜಿದ್ದಕ್ಕೆ ಸದ್ದು ಹೋದದ್ದು ನಿಜ. ಆದರೆ ಹೊಳಪು ಯಾಕೆ ಬಂತು ಅಂತ ನೋಡದಿದ್ದರೆ ಅದು ತಿರುಗಿ ಬರುತ್ತದೆ.

ಹಾಗಾಗಿ ಬಿಚ್ಚೋ ಮೊದಲು ಕಿವಿ ಕೊಡಿ. ನನಗೆ ಇಷ್ಟು ಹೇಳಿ. ಸದ್ದು ಎಡಗಡೆಯಾ ಬಲಗಡೆಯಾ? ಬ್ರೇಕ್ ಒತ್ತಿದಾಗ ಮಾತ್ರವಾ, ಅಥವಾ ಸುಮ್ನೆ ಹೋಗುವಾಗಲೂ ಬಂದು ಒತ್ತಿದರೆ ನಿಲ್ಲುತ್ತದಾ? ಗಾಡಿ ತಣ್ಣಗಿದ್ದಾಗ ಜಾಸ್ತಿಯಾ, ಸ್ವಲ್ಪ ದೂರ ಓಡಿದ ಮೇಲೆ ಜಾಸ್ತಿಯಾ? ರಿವರ್ಸ್ ಹೋಗಿ ಮತ್ತೆ ಮುಂದಕ್ಕೆ ಬಂದು ಬ್ರೇಕ್ ಒತ್ತಿದರೆ ಟಕ್ ಅಂತ ಒಂದು ಸದ್ದು ಬರುತ್ತದಾ? ಮತ್ತೆ ಅರ್ಧ ಗಂಟೆ ಓಡಿಸಿ ಬಂದ ಮೇಲೆ ಮುಂದಿನ ಎರಡೂ ಚಕ್ರದ ಹತ್ತಿರ ಕೈ ಹಿಡಿದು ನೋಡಿ, ಮುಟ್ಟಬೇಡಿ, ಅಂಗೈ ಹಿಂಭಾಗ ಹತ್ತಿರ ತಂದರೆ ಸಾಕು. ಒಂದು ಕಡೆ ಬಿಸಿ ಜಾಸ್ತಿ ಇದೆಯಾ? ಅನುಮಾನ ಇದ್ದರೆ ದೋಸೆ ಕಾವಲಿಗೆ ನೀರು ಚಿಮುಕಿಸುತ್ತೀವಲ್ಲ, ಹಾಗೆ ಚಕ್ರದ ನಟ್ಟಿನ ಹತ್ತಿರ ಎರಡು ಹನಿ ಚಿಮುಕಿಸಿ. ಎರಡೇ ಹನಿ. ಬಿಸಿ ಡಿಸ್ಕಿಗೆ ಬಕೆಟ್ ನೀರು ಸುರಿಯಬೇಡಿ, ಸೊಟ್ಟಗಾಗುತ್ತದೆ.

ಮಂಗಳೂರು ಟೀಚರ್:

ಸ್ಪ್ಯಾನರ್ ಸರ್ ಕೇಳಿದ್ದಕ್ಕೆ ಇನ್ನೊಂದು ಸೇರಿಸಬಹುದಾ? ಸದ್ದು ಮುಂದಿನದ್ದೇ ಅಂತ ಗಟ್ಟಿ ಮಾಡಿಕೊಳ್ಳಿ. ನನ್ನ 2010ರ ಗಾಡಿಗೆ ಮುಂದಿನ ಬ್ರೇಕ್ ಅಂತ ಹೇಳಿ ಮೂರು ಕಡೆ ದುಡ್ಡು ಕೊಟ್ಟೆ. ಕೊನೆಗೆ ನೋಡಿದರೆ ಹಿಂದಿನ ಎಡ ಡ್ರಮ್, ಅಂದರೆ ಡಿಸ್ಕಿನ ಬದಲು ಹಿಂದಿನ ಚಕ್ರದಲ್ಲಿರೋ ಡಬ್ಬಿಯಂಥ ಬ್ರೇಕ್. ಗಾಜು ಹಾಕಿಕೊಂಡು ಒಳಗೆ ಕೂತರೆ ಸದ್ದು ಎಲ್ಲಿಂದ ಬಂತು ಅಂತ ಗೊತ್ತೇ ಆಗುವುದಿಲ್ಲ, ಎಲ್ಲವೂ ಕಾಲ ಹತ್ತಿರದಿಂದಲೇ ಬಂದ ಹಾಗೆ ಕೇಳಿಸುತ್ತದೆ.

ಕಂಡುಹಿಡಿದದ್ದು ನಮ್ಮ ಬೀದಿಯ ಆಟೋ ಓಡಿಸೋ ಅಣ್ಣ. ಜನ ಇಲ್ಲದ ನೇರ ರಸ್ತೆಗೆ ಕರೆದುಕೊಂಡು ಹೋಗಿ, 20ರ ವೇಗದಲ್ಲಿ ಹೋಗುತ್ತಾ, ಕಾಲು ಬ್ರೇಕ್ ಮುಟ್ಟದೆ ಹ್ಯಾಂಡ್ ಬ್ರೇಕನ್ನು ನಿಧಾನಕ್ಕೆ ಎಳೆಯಿರಿ ಅಕ್ಕ ಅಂದರು. ಬಟನ್ ಒತ್ತಿ ಹಿಡಿದೇ ಇರಬೇಕು, ಇಲ್ಲಾಂದರೆ ಲಾಕ್ ಆಗಿಬಿಡುತ್ತದೆ. ಇಂಥ ಗಾಡಿಗಳಲ್ಲಿ ಹ್ಯಾಂಡ್ ಬ್ರೇಕ್ ಹಿಂದಿನ ಎರಡು ಚಕ್ರಕ್ಕೆ ಮಾತ್ರ. ಎಳೆದ ತಕ್ಷಣ ನನ್ನ ಸದ್ದು ಬಂತು. ಮೂರು ಗ್ಯಾರೇಜು ಮಾಡದ ಕೆಲಸ ಅರ್ಧ ನಿಮಿಷದಲ್ಲಿ ಆಯಿತು. ಡ್ರಮ್ ಬಿಚ್ಚಿದಾಗ ವೀಲ್ ಸಿಲಿಂಡರಿನಿಂದ ಬ್ರೇಕ್ ಆಯಿಲ್ ಸಣ್ಣಗೆ ಒಸರಿ ಲೈನರ್ (ಡ್ರಮ್ಮಿನಲ್ಲಿ ಪ್ಯಾಡಿನ ಕೆಲಸ ಮಾಡೋದು) ಮೇಲೆಲ್ಲ ಹರಡಿತ್ತು. ಹ್ಯಾಂಡ್ ಬ್ರೇಕ್ ಕೇಬಲ್ ಕೂಡ ತುಕ್ಕು ಹಿಡಿದು ಪೂರ್ತಿ ವಾಪಸ್ ಬರುತ್ತಿರಲಿಲ್ಲ. ಕಡಲ ಗಾಳಿಗೆ ಇಲ್ಲಿ ಯಾವ ಕಬ್ಬಿಣವೂ ಸುಮ್ಮನಿರುವುದಿಲ್ಲ.

ತೀರ್ಥಹಳ್ಳಿ ಕಡೆಯವ:

ಟೀಚರ್ ಮೇಡಂ, ಹ್ಯಾಂಡ್ ಬ್ರೇಕ್ ಮಾಡಿ ನೋಡಿದೆ. ಸಣ್ಣಗೆ ಶ್ ಅಂದಿತು, ಕೀಂ ಬರಲಿಲ್ಲ. ಹಾಗಾಗಿ ಮುಂದಿನದ್ದೇ.

ಸ್ಪ್ಯಾನರ್ ಅಣ್ಣ, ನೀವು ಕೇಳಿದ್ದಕ್ಕೆಲ್ಲ ಉತ್ತರ. ನಿನ್ನೆ ಕೊಪ್ಪದವರೆಗೆ ಹೋಗಿ ಬಂದೆ. ತಮ್ಮನನ್ನು ರಸ್ತೆ ಬದಿಯಲ್ಲಿ ನಿಲ್ಲಿಸಿ ಎರಡೂ ಕಡೆಯಿಂದ ಕೇಳಿಸಿದೆ, ಸದ್ದು ಎಡಗಡೆ ಮಾತ್ರ. ಹೊರಟಾಗ ಇರಲಿಲ್ಲ. ಸುಮಾರು 20 ನಿಮಿಷ ಆದ ಮೇಲೆ ಶುರು. ಮೆಲ್ಲಗೆ ಒತ್ತಿದರೆ ಜಾಸ್ತಿ, ಜೋರಾಗಿ ಒತ್ತಿದರೆ ಕಡಿಮೆ. ರಿವರ್ಸ್ ತೆಗೆದು ಮುಂದೆ ಬಂದಾಗ ಟಕ್ ಅನ್ನುತ್ತದೆ, ಇದು ಬಹಳ ದಿನದಿಂದ ಇತ್ತು, ನಾನು ಸಸ್ಪೆನ್ಷನ್ ಅಂದುಕೊಂಡಿದ್ದೆ. ಮನೆಗೆ ಬಂದು ನೀರು ಚಿಮುಕಿಸಿದೆ. ಬಲಗಡೆ ಹನಿ ಹಾಗೇ ಇಳಿದು ಹೋಯಿತು. ಎಡಗಡೆ ಚುರ್ ಅಂತು! ಸುಟ್ಟ ವಾಸನೆನೂ ಸ್ವಲ್ಪ ಇತ್ತು. ಈಗ ಯೋಚಿಸಿದರೆ ಸ್ಟೀರಿಂಗ್ ಸಡಿಲ ಬಿಟ್ಟಾಗ ಗಾಡಿ ಎಡಕ್ಕೆ ಎಳೆಯುತ್ತಿತ್ತು, ಅಲೈನ್‌ಮೆಂಟ್ ಮಾಡಿಸಬೇಕು ಅಂತ ಮುಂದೂಡುತ್ತಾ ಬಂದಿದ್ದೆ.

ಹದಿನಾಲ್ಕರ ಸ್ಪ್ಯಾನರ್:

ಚುರ್ ಅಂದರೆ ಅಲ್ಲಿಗೆ ಗೊತ್ತಾಯಿತು. ನಿಮ್ಮ ಎಡ ಚಕ್ರದ ಬ್ರೇಕ್ ನೀವು ಕಾಲು ತೆಗೆದ ಮೇಲೂ ಪೂರ್ತಿ ಬಿಡುತ್ತಿಲ್ಲ. ಪ್ಯಾಡು ಡಿಸ್ಕನ್ನು ಸವರುತ್ತಲೇ ಇದೆ. ಅದಕ್ಕೇ ಬಿಸಿ, ಅದಕ್ಕೇ ಎಡಕ್ಕೆ ಎಳೆತ, ಅದಕ್ಕೇ 20 ನಿಮಿಷ ಬಿಟ್ಟು ಸದ್ದು. ಹೊಸ ಪ್ಯಾಡು ಹತ್ತೇ ದಿನಕ್ಕೆ ಸುಟ್ಟು ಗಾಜಿನ ಹಾಗೆ ಆಗಿರೋದೂ ಇದರಿಂದಲೇ. ಸರಿ ಆಗೋವರೆಗೆ ಘಾಟಿ ಇಳಿಯಬೇಡಿ, ಅಮ್ಮನನ್ನು ಈ ಸಲ ಬಸ್ಸಿನಲ್ಲಿ ಕರೆದುಕೊಂಡು ಹೋಗಿ. ಹೀಗೆ ಸವರುತ್ತಾ ಕಾದ ಬ್ರೇಕಿನಲ್ಲಿ ಆಯಿಲ್ ಕುದಿದರೆ ಪೆಡಲ್ ಹೂವಿನ ಹಾಗೆ ಒಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ.

ಟಕ್ ಸದ್ದಿಗೆ ಬೇರೆ ಕಾರಣ. ಪ್ಯಾಡಿನ ಎರಡು ತುದಿ ಕೂರೋ ಜಾಗದಲ್ಲಿ ತೆಳು ಸ್ಟೀಲ್ ಕ್ಲಿಪ್ ಇರಬೇಕು. ಎಷ್ಟೋ ಕಡೆ ಪ್ಯಾಡ್ ಬದಲಾಯಿಸುವಾಗ ಅದು ಮುರಿದಿದ್ದರೆ, ತುಕ್ಕು ಹಿಡಿದಿದ್ದರೆ ಎಸೆದು ಹಾಗೇ ಪ್ಯಾಡ್ ಹಾಕಿಬಿಡುತ್ತಾರೆ. ಆಗ ಪ್ಯಾಡು ಹಿಂದೆ ಮುಂದೆ ಜಾರುತ್ತದೆ. ಟಕ್ ಅನ್ನೋದು ಅದು.

ಈಗ ಬ್ರೇಕ್ ಯಾಕೆ ಬಿಡುತ್ತಿಲ್ಲ ಅನ್ನೋದು. ನಿಮ್ಮ ಗಾಡಿಯ ಕ್ಯಾಲಿಪರಿನಲ್ಲಿ, ಅಂದರೆ ಡಿಸ್ಕನ್ನು ಅಪ್ಪಿಕೊಂಡು ಪ್ಯಾಡುಗಳನ್ನು ಒತ್ತೋ ಸಾಮಾನಿನಲ್ಲಿ, ಪಿಸ್ಟನ್ ಇರೋದು ಒಳಗಡೆ ಒಂದೇ ಕಡೆ. ಬ್ರೇಕ್ ಒತ್ತಿದರೆ ಪಿಸ್ಟನ್ ಹೊರಬಂದು ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಅದೇ ಒತ್ತಡಕ್ಕೆ ಇಡೀ ಕ್ಯಾಲಿಪರ್ ಹಿಂದಕ್ಕೆ ಜಾರಿ ಹೊರಗಿನ ಪ್ಯಾಡನ್ನೂ ಎಳೆದು ತಂದು ಒತ್ತುತ್ತದೆ. ಹೀಗೆ ಜಾರೋದು ಎರಡು ಪಿನ್ನಿನ ಮೇಲೆ. ನಮ್ಮ ಕಿರುಬೆರಳಿನಷ್ಟು ದಪ್ಪದ ಪಿನ್, ಸುತ್ತ ಒಂದು ರಬ್ಬರ್ ಬೂಟು, ಒಳಗೆ ಸ್ವಲ್ಪ ಗ್ರೀಸು. ಹದಿನೈದು ವರ್ಷ ದಾಟಿದ ಗಾಡಿಯಲ್ಲಿ ಆ ಬೂಟು ಹರಿದು, ನೀರು ಕೆಸರು ಒಳಗೆ ಹೋಗಿ, ಪಿನ್ನು ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ. ಒತ್ತುವಾಗ ಬಲ ಇರೋದರಿಂದ ಹೇಗೋ ಬರುತ್ತದೆ, ಬಿಟ್ಟಾಗ ವಾಪಸ್ ಹೋಗಲ್ಲ. ನನ್ನ ಅನುಭವದಲ್ಲಿ ಮಲೆನಾಡಿನ ಹಳೇ ಗಾಡಿಗಳಲ್ಲಿ ಇದು ಬಹಳ ಕಾಣುತ್ತದೆ. ಪಿಸ್ಟನ್ನೇ ಕಚ್ಚಿಕೊಂಡಿರಬಹುದು, ಅದು ಎರಡನೇ ಅನುಮಾನ. ಮೂರನೆಯದು ಬ್ರೇಕಿನ ರಬ್ಬರ್ ಪೈಪ್. ಹೊರಗಿನಿಂದ ಚೆನ್ನಾಗೇ ಕಾಣುತ್ತದೆ, ಒಳಗೆ ಊದಿ ದಾರಿ ಕಟ್ಟಿಕೊಂಡಿರುತ್ತದೆ, ಒತ್ತಿದ ಆಯಿಲ್ ವಾಪಸ್ ಬರುವುದಿಲ್ಲ.

ಮೂರನ್ನೂ ನೀವೇ ನೋಡಬಹುದು. ಗಾಡಿ ಸಮತಟ್ಟು ಜಾಗದಲ್ಲಿ, ಹ್ಯಾಂಡ್ ಬ್ರೇಕ್ ಹಾಕಿ, ಹಿಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಟ್ಟು, ಎಡ ಮುಂದಿನ ಚಕ್ರ ಜಾಕಿಯಲ್ಲಿ ಎತ್ತಿ. ಬಿಚ್ಚಿದ ಚಕ್ರವನ್ನು ಗಾಡಿ ಅಡಿಗೆ ಮಲಗಿಸಿ ಇಡಿ, ಜಾಕಿ ಜಾರಿದರೂ ಗಾಡಿ ಅದರ ಮೇಲೆ ಕೂರುತ್ತದೆ. ಬರೀ ಜಾಕಿ ನಂಬಿ ಕೈ ಹಾಕಬೇಡಿ. ನ್ಯೂಟ್ರಲ್ ಮಾಡಿ, ತಮ್ಮನಿಗೆ ಬ್ರೇಕ್ ಒತ್ತಿ ಬಿಡೋಕೆ ಹೇಳಿ, ಡಿಸ್ಕ್ ತಿರುಗಿಸಿ ನೋಡಿ. ಬಿಗಿ ಇದ್ದರೆ ಕ್ಯಾಲಿಪರ್ ಹಿಂದಿನ ಏರ್ ತೆಗೆಯೋ ನಿಪ್ಪಲ್ ಒಂದು ಸುತ್ತು ಸಡಿಲ ಮಾಡಿ. ಆಯಿಲ್ ಚಿಮ್ಮಿ ಡಿಸ್ಕ್ ಸಡಿಲ ಆದರೆ ಒತ್ತಡ ಒಳಗೇ ಉಳಿದಿತ್ತು ಅಂತ ಅರ್ಥ, ಪೈಪ್ ನೋಡಬೇಕು. ಸಡಿಲ ಆಗದಿದ್ದರೆ ಪಿನ್ನೋ ಪಿಸ್ಟನ್ನೋ. ಆ ಆಯಿಲ್ ಬಣ್ಣ ತಿನ್ನುತ್ತದೆ, ಗಾಡಿಯ ಮೈಗೆ ತಾಗಿದರೆ ತಕ್ಷಣ ನೀರು ಹಾಕಿ ತೊಳೆಯಿರಿ. ನಿಪ್ಪಲ್ ಮತ್ತೆ ಬಿಗಿ ಮಾಡೋದು ಮರೆಯಬೇಡಿ. ಆಮೇಲೆ ಪೆಡಲ್ ಮೆತ್ತಗೆ ಅನ್ನಿಸಿದರೆ ಒಳಗೆ ಗಾಳಿ ಸೇರಿದೆ, ಏರ್ ತೆಗೆಸದೆ ರಸ್ತೆಗೆ ಇಳಿಸಬೇಡಿ.

ಆಮೇಲೆ ಕ್ಯಾಲಿಪರ್ ಬೋಲ್ಟ್ ಎರಡು ಬಿಚ್ಚಿ ಮೇಲೆತ್ತಿ, ತಂತಿಯಲ್ಲಿ ಸ್ಪ್ರಿಂಗಿಗೆ ಕಟ್ಟಿ. ಪೈಪಿನಲ್ಲಿ ನೇತಾಡಲು ಬಿಡಬೇಡಿ. ಎರಡು ಪ್ಯಾಡು ಪಕ್ಕಪಕ್ಕ ಇಟ್ಟು ದಪ್ಪ ನೋಡಿ. ಒಳಗಿನದು ಹೊರಗಿನದಕ್ಕಿಂತ ತೆಳು ಇದ್ದರೆ, ಅಥವಾ ಒಂದೇ ಪ್ಯಾಡು ಮೇಲೆ ದಪ್ಪ ಕೆಳಗೆ ತೆಳು ಇದ್ದರೆ, ಪಿನ್ನು. ಪಿನ್ನುಗಳನ್ನು ಕೈಯಲ್ಲೇ ಎಳೆದು ನೋಡಿ. ಒಳ್ಳೇ ಪಿನ್ನು ಬೆರಳಿನ ಬಲಕ್ಕೇ ಒಳಗೆ ಹೊರಗೆ ಆಡುತ್ತದೆ.

ಡಿಸ್ಕ್ ಬದಲಾಯಿಸಬೇಕಾ ಅನ್ನೋದು ಕೊನೆಗೆ ನೋಡೋಣ. ಎಷ್ಟು ಕನಿಷ್ಠ ದಪ್ಪ ಇರಬೇಕು ಅಂತ ಸಾಮಾನ್ಯವಾಗಿ ಡಿಸ್ಕಿನ ಮೇಲೇ ಅಚ್ಚು ಹಾಕಿರುತ್ತಾರೆ. ಅದಕ್ಕಿಂತ ದಪ್ಪ ಇದ್ದು, ಬಿರುಕಿಲ್ಲದೆ, ಉಗುರು ಆಡಿಸಿದರೆ ಸಿಕ್ಕಿಕೊಳ್ಳುವಂಥ ಗೀರು ಇಲ್ಲದಿದ್ದರೆ ಅದನ್ನು ಎಸೆಯೋಕೆ ಕಾರಣ ಇಲ್ಲ.

ಚಿಕ್ಕಮಗಳೂರು ಎಸ್ಟೇಟ್ ರೋಡ್:

ಒಂದು ಮಾತು. ಬ್ರೇಕ್ ಧೂಳನ್ನು ಬಾಯಲ್ಲಿ ಊದಬೇಡಿ, ಗ್ಯಾರೇಜಿನ ಗಾಳಿ ಪೈಪಿನಲ್ಲಿ ಹೊಡೆಸಬೇಡಿ. ಹಳೇ ಲೈನರುಗಳಲ್ಲಿ ಶ್ವಾಸಕೋಶ ಹಾಳು ಮಾಡೋ ಆಸ್ಬೆಸ್ಟಾಸ್ ಇರುತ್ತಿತ್ತು, ಈಗ ಸಿಗೋ ಕಡಿಮೆ ಬೆಲೆಯವುಗಳಲ್ಲಿ ಏನಿದೆ ಅಂತ ಹೊರಗಿನಿಂದ ನೋಡಿ ಹೇಳೋಕೆ ಆಗುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ, ಮೂಗಿಗೆ ಮಾಸ್ಕ್ ಹಾಕಿಕೊಳ್ಳಿ. ನಮ್ಮ ಊರಿನ ಒಬ್ಬರು ಹಿರಿಯ ಮೆಕ್ಯಾನಿಕ್ ಮೂವತ್ತು ವರ್ಷ ಡ್ರಮ್ಮಿನ ಧೂಳು ಊದಿಕೊಂಡೇ ಕೆಲಸ ಮಾಡಿದವರು, ಈಗ ನಾಲ್ಕು ಮೆಟ್ಟಿಲು ಹತ್ತಿದರೆ ಕೂತುಬಿಡುತ್ತಾರೆ. ಧೂಳಿನಿಂದಲೇ ಅಂತ ನಾನು ಹೇಳಲಾರೆ, ಆದರೆ ಅವರನ್ನು ನೋಡಿದಾಗೆಲ್ಲ ನೆನಪಾಗುತ್ತದೆ.

ಇನ್ನೊಂದು, ಡಿಸ್ಕ್ ಹಿಂದೆ ಒಂದು ತಗಡಿನ ತಟ್ಟೆ ಇರುತ್ತದೆ. ನಮ್ಮ ಕಡೆ ಮಣ್ಣು ರಸ್ತೆಯಲ್ಲಿ ಡಿಸ್ಕಿಗೂ ಆ ತಗಡಿಗೂ ನಡುವೆ ಸಣ್ಣ ಜಲ್ಲಿಕಲ್ಲು ಸಿಕ್ಕಿಕೊಂಡು ಕರ್ರ್ ಅನ್ನುತ್ತದೆ. ಬಿಚ್ಚಿದಾಗ ಅದನ್ನೂ ಒಂದು ಸಲ ನೋಡಿ.

ತೀರ್ಥಹಳ್ಳಿ ಕಡೆಯವ:

ಭಾನುವಾರ ಬಿಚ್ಚಿದೆ. ಉದ್ದ ಬರೆಯುತ್ತೇನೆ, ಇನ್ಯಾರಿಗಾದರೂ ಬೇಕಾಗಬಹುದು.

ಟ್ರ್ಯಾಕ್ಟರ್ ರಿಪೇರಿ ಗೊತ್ತಿರೋ ಚಿಕ್ಕಪ್ಪ ಬಂದಿದ್ದರು. ಅಂಗಳದಲ್ಲಿ ಅಡಿಕೆ ಹರಡಿತ್ತು, ಒಂದು ಮೂಲೆ ಖಾಲಿ ಮಾಡಿಕೊಂಡು ಗಾಡಿ ನಿಲ್ಲಿಸಿದೆವು. ಚಕ್ರ ಬಿಚ್ಚಿ ಡಿಸ್ಕ್ ತಿರುಗಿಸಿದರೆ ಬಿಗಿ, ಎರಡು ಕೈಯಲ್ಲಿ ಹಿಡಿದು ತಿರುಗಿಸಬೇಕಾಯಿತು. ನಿಪ್ಪಲ್ ಸಡಿಲ ಮಾಡಿದರೂ ಬಿಗಿ ಹಾಗೇ ಇತ್ತು. ಪೈಪ್ ಅಲ್ಲ ಅಂತ ಅಲ್ಲಿಗೆ ಬಿಟ್ಟೆವು.

ಪ್ಯಾಡ್ ತೆಗೆದು ಜಗಲಿ ಮೇಲೆ ಪಕ್ಕಪಕ್ಕ ಇಟ್ಟಾಗ ನನಗೆ ನಂಬೋಕೆ ಆಗಲಿಲ್ಲ. ಒಂದೇ ದಿನ ಹಾಕಿದ ಪ್ಯಾಡುಗಳು. ಹೊರಗಿನದು 9 ಮಿಲಿಮೀಟರ್, ಒಳಗಿನದು ಮೇಲಿನ ತುದಿಯಲ್ಲಿ 8, ಕೆಳ ತುದಿಯಲ್ಲಿ 5. ಚಪ್ಪಲಿ ಹಿಮ್ಮಡಿ ಒಂದೇ ಕಡೆ ಸವೆಯುತ್ತದಲ್ಲ, ಹಾಗೆ. ಮೇಲ್ಮೈ ಕಪ್ಪಗೆ ಹೊಳೆಯುತ್ತಿತ್ತು.

ಮೇಲಿನ ಪಿನ್ನು ಕೈಯಲ್ಲೇ ಬಂತು. ಕೆಳಗಿನದು ಬರಲೇ ಇಲ್ಲ. ಸ್ಪ್ಯಾನರ್ ಹಾಕಿ ಸ್ವಲ್ಪ ಸ್ವಲ್ಪವೇ ಎಡಕ್ಕೆ ಬಲಕ್ಕೆ ತಿರುಗಿಸಿದೆವು, ತುಕ್ಕು ಬಿಡಿಸೋ ಸ್ಪ್ರೇ ಪಿನ್ನಿಗೆ ಮಾತ್ರ, ಡಿಸ್ಕಿಗೆ ಬಟ್ಟೆ ಮುಚ್ಚಿ ಹೊಡೆದೆವು. ಮುಕ್ಕಾಲು ಗಂಟೆ ಆಯಿತು. ಕೊನೆಗೆ ಬಂದಾಗ ಅದಕ್ಕೆ ಮೆತ್ತಿಕೊಂಡಿದ್ದು ಗ್ರೀಸು ಅಂತ ಹೇಳೋ ಹಾಗಿರಲಿಲ್ಲ, ಒಣಗಿದ ಕೆಮ್ಮಣ್ಣಿನ ಹಾಗೆ ಗಟ್ಟಿ, ಉಗುರಲ್ಲಿ ಕೆರೆದರೆ ಪುಡಿ ಉದುರಿತು. ರಬ್ಬರ್ ಬೂಟು ಮಡಿಕೆಯ ಒಳಗೆ ಸೀಳಿತ್ತು. ಹಿಗ್ಗಿಸಿ ನೋಡದಿದ್ದರೆ ಕಾಣುವುದೇ ಇಲ್ಲ. ಇಷ್ಟು ಸಣ್ಣ ಸೀಳಿಗೆ ನಾನು ಎರಡು ಸೆಟ್ ಪ್ಯಾಡ್ ಹಾಕಿಸಿದ್ದೇನೆ.

ಸ್ಪ್ಯಾನರ್ ಅಣ್ಣ ಹೇಳಿದ ಹಾಗೆ ಕ್ಲಿಪ್ಪುಗಳೂ ಇರಲಿಲ್ಲ. ಎಡಗಡೆ ನಾಲ್ಕೂ ಇಲ್ಲ. ಪ್ಯಾಡಿನ ಬೆನ್ನಿಗೆ ಇರಬೇಕಾದ ತಗಡೂ ಇಲ್ಲ. ಬಲಗಡೆ ಬಿಚ್ಚಿ ನೋಡಿದೆವು, ಅಲ್ಲಿ ಎರಡು ಕ್ಲಿಪ್ ಮಾತ್ರ ಇದ್ದವು. ಹೊಸ ಪ್ಯಾಡಿನ ಡಬ್ಬಿಯಲ್ಲಿ ಇವೆಲ್ಲ ಬಂದಿದ್ದವಾ, ಹಾಕದೆ ಬಿಟ್ಟರಾ ಗೊತ್ತಿಲ್ಲ. ಇದು ಮಾತ್ರ ಬೇಸರ ಆಯಿತು. ಅವರ ಮೇಲೆ ನಂಬಿಕೆ ಇಟ್ಟು ಅಮ್ಮನನ್ನು ಕೂರಿಸಿಕೊಂಡು ಘಾಟಿ ಇಳಿದಿದ್ದೇನೆ.

ಪಿಸ್ಟನ್ ನೋಡಿದೆವು, ಅದು ಸರಾಗವಾಗಿ ಒಳಗೆ ಹೋಯಿತು. ಡಿಸ್ಕ್ ಅಳತೆಗೆ ಚಿಕ್ಕಪ್ಪನ ಹತ್ತಿರ ವರ್ನಿಯರ್ ಇತ್ತು. ಕನಿಷ್ಠಕ್ಕಿಂತ ಒಂದು ಮಿಲಿಮೀಟರಿಗೂ ಜಾಸ್ತಿ ಉಳಿದಿದೆ. ಹೊರ ಅಂಚಿನಲ್ಲಿ ತುಕ್ಕಿನ ಏಣು ಇದೆ ಅಷ್ಟೇ. ಈಗ ಶಿವಮೊಗ್ಗದಿಂದ ಪಿನ್ನು, ಬೂಟು, ಕ್ಲಿಪ್ ತರಿಸಬೇಕು. ಪಿನ್ನಿಗೆ ಯಾವ ಗ್ರೀಸ್ ಹಾಕಲಿ? ಮನೆಯಲ್ಲಿ ಬೇರಿಂಗ್ ಗ್ರೀಸ್ ಇದೆ. ಪ್ಯಾಡ್ ಉಜ್ಜಿ ಇದನ್ನೇ ಹಾಕಬಹುದಾ?

ಹದಿನಾಲ್ಕರ ಸ್ಪ್ಯಾನರ್:

ಬಹಳ ಚೆನ್ನಾಗಿ ನೋಡಿದ್ದೀರಿ. ಚಿಕ್ಕಪ್ಪನಿಗೂ ಹೇಳಿ.

ಬೇರಿಂಗ್ ಗ್ರೀಸ್ ಬೇಡ. ಅದರಲ್ಲಿರೋ ಪೆಟ್ರೋಲಿಯಂ ಎಣ್ಣೆಗೆ ಬ್ರೇಕಿನ ರಬ್ಬರ್ ಊದುತ್ತದೆ, ಆರು ತಿಂಗಳಲ್ಲಿ ಮತ್ತೆ ಪಿನ್ನು ಕಚ್ಚುತ್ತದೆ. ಸಿಲಿಕೋನ್ ಗ್ರೀಸ್, ಬ್ರೇಕಿಗೆ ಅಂತಲೇ ಸಿಗುವುದು ಕೇಳಿ, ಸಣ್ಣ ಪ್ಯಾಕೆಟ್ ಸಾಕು. ಪಿನ್ನು ಕೂರೋ ತೂತನ್ನು ಮೊದಲು ಬ್ರೇಕ್ ಕ್ಲೀನರ್ ಹಾಕಿ ಬಟ್ಟೆ ಸುತ್ತಿದ ಕಡ್ಡಿಯಲ್ಲಿ ತಿರುವಿ ತಿರುವಿ ಒರೆಸಿ, ಬಟ್ಟೆ ಬಿಳಿಯಾಗಿ ಹೊರಬರೋವರೆಗೆ. ಒಳಗೆ ಹಳೇ ತುಕ್ಕು ಉಳಿದರೆ ಹೊಸ ಪಿನ್ನೂ ವ್ಯರ್ಥ. ಗ್ರೀಸು ತೆಳ್ಳಗೆ ಸವರಿ, ತುಂಬಿಸಬೇಡಿ, ಜಾಸ್ತಿ ಆದರೆ ಗಾಳಿ ಸಿಕ್ಕಿಕೊಂಡು ಪಿನ್ನು ಹೊರಕ್ಕೆ ತಳ್ಳುತ್ತದೆ. ಎರಡು ಪಿನ್ನು ಒಂದೇ ತರ ಇರಲಿಕ್ಕಿಲ್ಲ, ಯಾವುದು ಮೇಲೆ ಯಾವುದು ಕೆಳಗೆ ಅಂತ ಫೋಟೋ ತೆಗೆದಿಟ್ಟುಕೊಳ್ಳಿ.

ಕ್ಲಿಪ್ ಕೂರೋ ಜಾಗದ ತುಕ್ಕನ್ನು ವೈರ್ ಬ್ರಷ್‌ನಲ್ಲಿ ತೆಗೆಯಿರಿ. ಈ ಕೆಲಸ ಎಲ್ಲರೂ ಬಿಡುತ್ತಾರೆ. ಕ್ಲಿಪ್ಪಿನ ಅಡಿ ತುಕ್ಕು ಬೆಳೆದರೆ ಕ್ಲಿಪ್ ಮೇಲೇಳುತ್ತದೆ, ಪ್ಯಾಡು ಬಿಗಿಯಾಗುತ್ತದೆ, ಮತ್ತೆ ಸವರೋಕೆ ಶುರು.

ಪ್ಯಾಡ್ ವಿಷಯ. ಬಲಗಡೆಯದು ಸಮ ಇದ್ದರೂ ಎಡಗಡೆಯದು ಅಷ್ಟು ಓರೆ ಸವೆದಿದೆ, ಸುಟ್ಟಿದೆ. ಅದನ್ನು ಉಜ್ಜಿ ಹಾಕೋ ಅಂತ ಬೇರೆಯವರಿಗೆ ಹೇಳುತ್ತಿದ್ದೆನೋ ಏನೋ, ಘಾಟಿ ಇಳಿಯೋ ನಿಮಗೆ ಹೇಳಲ್ಲ. ಎರಡೂ ಕಡೆ ಹೊಸದು ಹಾಕಿ. ಒಂದೇ ಕಡೆ ಹಾಕಿದರೆ ಗಾಡಿ ಎಳೆಯುತ್ತದೆ. ಮೂರನೇ ಸೆಟ್ ಅಂತ ಬೇಸರ ಆಗುತ್ತದೆ, ಆದರೆ ಇದು ಸವೆದು ಮುಗಿಯೋವರೆಗೆ ಬಾಳುತ್ತದೆ.

ಬ್ರೇಕ್ ಆಯಿಲ್ ಯಾವಾಗ ಬದಲಾಯಿಸಿದ್ದು? ನೆನಪಿಲ್ಲ ಅಂದರೆ ಈಗಲೇ ಪೂರ್ತಿ ಬದಲಾಯಿಸಿ. ಅದು ಗಾಳಿಯ ತೇವ ಹೀರುತ್ತದೆ, ಮಲೆನಾಡಿನಲ್ಲಿ ಕೇಳಬೇಕಾ. ಡಾಟ್ 3 ಅನ್ನೋ ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕಡಿಮೆ ಅಂದರೂ 205 ಡಿಗ್ರಿವರೆಗೆ ಕುದಿಯುವುದಿಲ್ಲ. ತೇವ ಹೀರಿದ ಮೇಲೆ ಆ ಮಿತಿ 140 ಡಿಗ್ರಿಗೆ ಇಳಿದುಬಿಡಬಹುದು. ಎರಡು ವರ್ಷಕ್ಕೊಮ್ಮೆ ಬದಲಾಯಿಸೋದು ಒಳ್ಳೇದು.

ಎಲ್ಲ ಜೋಡಿಸಿದ ಮೇಲೆ, ಇದು ಮುಖ್ಯ, ಗಾಡಿ ಅಲ್ಲಾಡಿಸೋ ಮೊದಲು ಪೆಡಲನ್ನು ಹತ್ತು ಸಲ ಒತ್ತಿ, ಗಟ್ಟಿ ಆಗೋವರೆಗೆ. ಪಿಸ್ಟನ್ ಒಳಗೆ ತಳ್ಳಿರುತ್ತೀರಿ, ಮೊದಲ ಒತ್ತಿಗೆ ಬ್ರೇಕೇ ಇರುವುದಿಲ್ಲ. ಆಮೇಲೆ ಖಾಲಿ ರಸ್ತೆಯಲ್ಲಿ 50ರಿಂದ 10ಕ್ಕೆ ಮಧ್ಯಮ ಬಲದಲ್ಲಿ ಬ್ರೇಕ್ ಹಾಕಿ ಇಳಿಸಿ, ಪೂರ್ತಿ ನಿಲ್ಲಿಸಬೇಡಿ, ಸ್ವಲ್ಪ ದೂರ ಬಿಟ್ಟು ಮತ್ತೆ. ಹೀಗೆ ಎಂಟು ಹತ್ತು ಸಲ. ಆಮೇಲೆ ಬ್ರೇಕ್ ಮುಟ್ಟದೆ ಸ್ವಲ್ಪ ಓಡಿಸಿ ತಣಿಸಿ. ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳೋಕೆ ಇದು ಬೇಕು.

ಮಂಗಳೂರು ಟೀಚರ್:

ಘಾಟಿ ಇಳಿಯುವಾಗ ಎರಡನೇ ಗೇರಿನಲ್ಲೇ ಇರಿ, ಬ್ರೇಕ್ ಮೇಲೆ ಕಾಲು ಇಟ್ಟುಕೊಂಡೇ ಇಳಿಯಬೇಡಿ. ಸ್ವಲ್ಪ ಒತ್ತಿ, ಪೂರ್ತಿ ಬಿಡಿ. ನಾನು ಇದನ್ನು ತಡವಾಗಿ ಕಲಿತೆ. ಅಮ್ಮನ ಕಣ್ಣು ಬೇಗ ವಾಸಿಯಾಗಲಿ.

ತೀರ್ಥಹಳ್ಳಿ ಕಡೆಯವ:

ಎಲ್ಲ ಹಾಕಿ ಮೂರು ವಾರ ಆಯಿತು. ಸದ್ದು ಗಟ್ಟಿಯಾಗಿ ಹೋದ ಮೇಲೇ ಬರೆಯೋಣ ಅಂತ ಸುಮ್ಮನಿದ್ದೆ. ಪಿನ್ನು, ಬೂಟು, ಕ್ಲಿಪ್, ಗ್ರೀಸ್ ಎಲ್ಲ ಸೇರಿ ಒಂದು ಸೆಟ್ ಪ್ಯಾಡಿನ ಅರ್ಧ ದುಡ್ಡೂ ಆಗಲಿಲ್ಲ. ಹಳೇ ಬ್ರೇಕ್ ಆಯಿಲ್ ಬಾಟಲಿಗೆ ಇಳಿಸಿದಾಗ ಕಾಫಿ ಡಿಕಾಕ್ಷನ್ ಬಣ್ಣ ಇತ್ತು. ಟಕ್ ಸದ್ದೂ ಹೋಗಿದೆ, ಎಡಕ್ಕೆ ಎಳೆಯೋದೂ ನಿಂತಿದೆ. ಅಲೈನ್‌ಮೆಂಟ್ ಮಾಡಿಸಲೇ ಇಲ್ಲ.

ನಿನ್ನೆ ಉಡುಪಿಗೆ ಹೋಗಿ ಬಂದೆವು. ಎರಡನೇ ತಿರುವು ದಾಟಿದ ಮೇಲೆ ಅಮ್ಮ, ಬ್ರೇಕ್ ಹಾಕ್ತಾ ಇದ್ದೀಯಾ ಇಲ್ವಾ ಅಂತ ಕೇಳಿದರು. ಕೆಳಗೆ ಸೋಮೇಶ್ವರದಲ್ಲಿ ನಿಲ್ಲಿಸಿ ಎರಡು ಕಡೆಯೂ ಎರಡೆರಡು ಹನಿ ನೀರು ಚಿಮುಕಿಸಿದೆ. ಎರಡೂ ಕಡೆ ಒಂದೇ ತರ ನಿಧಾನಕ್ಕೆ ಆರಿತು.